ಎದೆಬಳ್ಳಿಯ ಬೆಳಕು

ಮೈಮೇಲಿರುವ ಬಟ್ಟೆಗೆ ಸೂಜಿ ಹಾಕಬಾರದು ಎಂಬುದನ್ನು ಶಿವಕುಮಾರಿ ಅವ್ವನಿಂದ ಕಲಿತಿದ್ದಳು. ತೊಟ್ಟದ್ದನ್ನು ತೊಟ್ಟಂತೆಯೇ ಹೊಲಿಯುವುದು ಹೆಣಕ್ಕೆ ಮಾತ್ರ. ಹೊಲಿಯಲೇಬೇಕಾಗಿ ಬಂದರೆ ತೊಟ್ಟವರು ಬಾಯಲ್ಲೊಂದು ಹುಲ್ಲುಕಡ್ಡಿ ಕಚ್ಚಿ ಹಿಡಿಯಬೇಕು. ಇದು ಜೀವವಿರುವ ಮೈ ಎಂದು ಸೂಜಿಗೆ ತಿಳಿಯಲಿ ಎಂದು. ಅವ್ವ ತೀರಿಕೊಂಡು, ಯಾದಗಿರಿ ಕಡೆಯ ಹಳ್ಳಿ ಬಿಟ್ಟು, ಅಪ್ಪ ಸಾಯಬಣ್ಣನ ಬೆನ್ನಹಿಂದೆ ಅಕ್ಕತಂಗಿಯರಿಬ್ಬರೂ ಮುಂಬಯಿಯ ಭಾಂಡುಪಿನ ಚಾಳಿಗೆ ಬಂದ ಮೇಲೂ ಆ ಮಾತು ಅವಳ ಬೆರಳುಗಳಲ್ಲಿ ಉಳಿದಿತ್ತು.

ಅಪ್ಪನೂ ಈಗಿಲ್ಲ. ಪವಾಯಿಯಲ್ಲಿ ಏಳುತ್ತಿದ್ದ ಬಿಲ್ಡಿಂಗೊಂದರ ಮೆಟ್ಟಿಲ ಮೇಲೆ ಸಿಮೆಂಟಿನ ಬುಟ್ಟಿ ಇಳಿಸಿ, ‘ಸ್ವಲ್ಪ ಕೂಡ್ತೀನಿ’ ಅಂದವನು ಮತ್ತೆ ಏಳಲಿಲ್ಲ. ಬಿಸಿಲು ಬಡಿದಿರಬೇಕು ಅಂದರು. ತಂಗಿ ಸಪ್ನಾ ಆಗಿನ್ನೂ ಶಾಲೆಯಲ್ಲಿದ್ದಳು. ಅಕ್ಕ ಗುಡುಸಾಬನ ಕಸೂತಿ ಕಾರಖಾನೆಯಲ್ಲಿ ಕೂತು ತಂಗಿಯನ್ನು ಓದಿಸಿದಳು. ತನ್ನವರು ಅನ್ನಲು ಶಿವಕುಮಾರಿಗಿದ್ದದ್ದು ಆ ತಂಗಿಯೊಬ್ಬಳೇ.

ಈ ಸಲ ಗುಡುಸಾಬನಿಗೆ ಬಂದ ಕೆಲಸ ಎಂದಿನದಾಗಿರಲಿಲ್ಲ. ಪವಾಯಿಯ ಕಂಪನಿಯೊಂದು ಎದೆಬಡಿತಕ್ಕೆ ತಕ್ಕಂತೆ ಬೆಳಗುವ ರವಿಕೆ ಮಾಡಿಸುತ್ತಿತ್ತು. ಕರೆಂಟು ಹರಿಯುವ ಬೆಳ್ಳಿದಾರದಲ್ಲಿ ಎದೆಯಿಂದ ಭುಜದವರೆಗೆ ಒಂದು ಬಳ್ಳಿ, ಬಳ್ಳಿಯ ಒಂದೊಂದು ಹೂವಿನೊಳಗೂ ಸಾಸಿವೆಯಷ್ಟು ದೀಪ. ರವಿಕೆಯ ಕೆಳಪಟ್ಟಿಯ ಒಳಗೆ ಅದೇ ದಾರದ ಎರಡು ಬಿಲ್ಲೆಗಳು ಚರ್ಮಕ್ಕೆ ತಾಗಿ ಬಡಿತ ಹಿಡಿಯುತ್ತಿದ್ದವು. ಪಟ್ಟಿಗೆ ಅಂಟಿದ ಬೆಂಕಿಪೊಟ್ಟಣದಷ್ಟು ಡಬ್ಬಿ ಅದನ್ನು ಬೆಳಕಾಗಿಸಿ ಮೇಲಕ್ಕೆ ಕಳಿಸುತ್ತಿತ್ತು. ಅಳತೆ ಕೊಡಲು ಬಂದಿದ್ದ ಸಪ್ನಾಳ ನಿಲುವು ನೋಡಿ, ಜನರೆದುರು ತೋರಿಸುವ ದಿನ ಇವಳೇ ತೊಟ್ಟು ವೇದಿಕೆಯ ಮೇಲೆ ನಡೆಯಲಿ ಎಂದು ಕಂಪನಿಯವರೇ ಕೇಳಿಕೊಂಡಿದ್ದರು.

ಮೊದಲ ಸಲ ತೊಟ್ಟಾಗ ಕಾರಖಾನೆಯಲ್ಲಿ ಎಲ್ಲರೂ ಸೂಜಿ ಕೆಳಗಿಟ್ಟು ನೋಡಿದರು. ಬೆಳಕು ಹಾವಿನಮರಿಯಂತೆ ಸರ್ರನೆ ಭುಜಕ್ಕೆ ಹರಿಯಿತು. ಮತ್ತೆ ಹರಿಯಿತು. ಆಮೇಲೆ ಬಳ್ಳಿ ಪೂರ್ತಿ ಕಪ್ಪಾಗಿ, ಏನೋ ಮರೆತವರು ಓಡಿ ಬಂದಂತೆ ಎರಡು ಬೆಳಕು ಒಂದರ ಮೇಲೊಂದು ಧಾವಿಸಿದವು.

“ಟಾಕಾ ತಪ್ಪ್ಯಾದ ಬೇಟಿ,” ಅಂದ ಗುಡುಸಾಬ, ಕನ್ನಡಕ ಏರಿಸುತ್ತ. “ಎಲ್ಲೋ ಹೊಲಿಗ್ಯಾಗ ದಾರ ಸಡಿಲ ಬಿಟ್ಟೀದಿ ನೋಡು.”

“ಏನಿಲ್ಲ ಚಾಚಾ, ಅಕ್ಕ ನನ್ನ ಎದಿದು ಲೈಟ್‌ಬಿಲ್ ಕಟ್ಟಿಲ್ಲ!” ಸಪ್ನಾ ನಕ್ಕಳು. ನಕ್ಕು, ಒಂದು ಕ್ಷಣ ಗೋಡೆಗೆ ಕೈ ಕೊಟ್ಟು ನಿಂತಳು.

ಆ ಕೈಯನ್ನು ಶಿವಕುಮಾರಿ ನೋಡಿದಳು. ಆದರೆ ಅವಳ ಮನಸ್ಸೆಲ್ಲ ಹೊಲಿಗೆಯ ಮೇಲಿತ್ತು. ಅವಳ ಕೈಕೆಲಸ ಇದುವರೆಗೆ ಯಾರೂ ವಾಪಸು ಕಳಿಸಿರಲಿಲ್ಲ. ಅವಳು ಬಳ್ಳಿಯನ್ನು ಬಿಚ್ಚಿ ಮತ್ತೆ ಹೊಲಿದಳು. ಕತ್ತಲೆ ಅಲ್ಲೇ ಇತ್ತು. ಇನ್ನೊಮ್ಮೆ ಬಿಚ್ಚಿದಳು. ನಿದ್ದೆಯಲ್ಲೂ ಆ ಲಯ ಅವಳನ್ನು ಹಿಂಬಾಲಿಸಿತು: ಒಂದು, ಇನ್ನೊಂದು, ಕತ್ತಲು, ಆಮೇಲೆ ಅವಸರದ ಎರಡು. ಪಕ್ಕದಲ್ಲಿ ತಂಗಿ ದಿಂಬಿಗೊರಗಿ ಕೂತೇ ಮಲಗಿರುತ್ತಿದ್ದಳು. ಸೆಕೆ ಅಕ್ಕಾ, ಅನ್ನುತ್ತಿದ್ದಳು.

ತೋರಿಸುವ ದಿನ ಸಂಜೆ ಪವಾಯಿಯ ಹೋಟೆಲೊಂದರ ಸಭಾಂಗಣಕ್ಕೆ ಅಕ್ಕತಂಗಿಯರು ಹೋದರು. ಲಿಫ್ಟು ಕೆಟ್ಟಿತ್ತು. ಮೆಟ್ಟಿಲು ಹತ್ತುವಾಗ ಸಪ್ನಾ ನಡುವೆ ನಿಂತು ಮೊಬೈಲು ನೋಡುವವಳಂತೆ ತಲೆ ತಗ್ಗಿಸಿದಳು. ಮೊಬೈಲಿನ ಪರದೆ ಆರಿತ್ತು.

ಕಂಪನಿಯ ಇಂಜಿನಿಯರು ಚೇತನ ಇದೇ ಮುಂಬಯಿಯ ಸಯನ್ನಿನಲ್ಲಿ ಬೆಳೆದ ಮಂಗಳೂರಿನವರ ಹುಡುಗ. ರವಿಕೆ ತೊಟ್ಟು, ತಲೆ ಕಟ್ಟಿಸಿಕೊಂಡು ನಿಂತ ಸಪ್ನಾಳ ಮೇಲೆ ಬಳ್ಳಿ ಮತ್ತೆ ಎಡವಿದ್ದನ್ನು ಕಂಡು ಅವನ ಮುಖ ಬಾಡಿತು.

“ಎಂತ ಅಕ್ಕ ಇದು, ಇನ್ನೂ ಲೂಸ್ ಕನೆಕ್ಷನ್ ಉಂಟಲ್ಲ ಮಾರಾಯ್ರೆ! ಪಟ್ಟಿ, ಡಬ್ಬಿ ಎರಡೂ ಬದಲಿಸುವ. ನನ್ನ ಹತ್ರ ಸ್ಪೇರ್ ಉಂಟು.”

“ಹಂಗಾದ್ರ ಬಿಚ್ಚಿಸ್ತೀನ್ರಿ.”

“ಬಿಚ್ಚಿದ್ರೆ ಮೇಕಪ್, ಕೂದಲು ಎಲ್ಲಾ ಹೋಯ್ತು. ಮೈಮೇಲೇ ಹೊಲೀರಿ.”

ಶಿವಕುಮಾರಿ ಸೂಜಿ ಹಿಡಿದು ನಿಂತೇ ಇದ್ದಳು. ಆಮೇಲೆ ಬಾಗಿಲ ಹೂಕುಂಡದಿಂದ ಒಂದು ಹುಲ್ಲೆಸಳು ಕಿತ್ತು ತಂದಳು. “ಕಚ್ಚಿ ಹಿಡಿ.”

“ಅಕ್ಕಾ, ಪ್ಲೀಸ್. ಆಕಳಾ ನಾನು?”

“ಹಿಡಿ ಅಂದ್ನೆಲ್ಲ.”

ಸಪ್ನಾ ಕಣ್ಣು ಹೊರಳಿಸಿ ಕಚ್ಚಿದಳು. ಹಳೆಯ ಪಟ್ಟಿಯನ್ನು ಡಬ್ಬಿಸಮೇತ, ಬಳ್ಳಿಯ ಬುಡದ ಮೊದಲ ಹೂವಿನೊಂದಿಗೆ ಕತ್ತರಿಸಿ ಮೇಜಿನ ಮೇಲೆ ಹಾಕಿ, ಶಿವಕುಮಾರಿ ಹೊಸದನ್ನು ಹೊಲಿಯತೊಡಗಿದಳು. ಬೆರಳಿಗೆ ತಾಗಿದ ಚರ್ಮ ತಣ್ಣಗೆ ಬೆವರಿತ್ತು. ಎ.ಸಿ. ಇದ್ದೂ ಇವಳಿಗೇಕೆ ಬೆವರು ಎಂದುಕೊಂಡಳು. ಕೇಳಲಿಲ್ಲ. ಹೊಲಿಗೆ ಅರ್ಧವಾಗಿದ್ದಾಗ ಮೇಕಪ್ಪಿನ ಶಿರೀನ್ ತುಟಿಗೆ ಬಣ್ಣ ತೀಡಲು ಬಂದಳು. ಸಪ್ನಾ ಹುಲ್ಲನ್ನು ಥೂ ಎಂದು ಉಗಿದಳು. ಉಳಿದರ್ಧವನ್ನು ಶಿವಕುಮಾರಿ ಅದಿಲ್ಲದೆಯೇ ಹೊಲಿದಳು.

ಹೊಸ ಪಟ್ಟಿಯಲ್ಲೂ ಬಳ್ಳಿ ಎಡವಿತು.

“ಇರಲಿ ಬಿಡಿ,” ಅಂದ ಚೇತನ. ಹೊರಗೆ ಸಂಗೀತ ಶುರುವಾಗಿತ್ತು. “ನನ್ನದೇ ಬಡಿತ ರೆಕಾರ್ಡ್ ಮಾಡಿ ಇಟ್ಟದ್ದುಂಟು. ಅದನ್ನು ಹಾಕ್ತೇನೆ. ಯಾರಿಗೂ ಗೊತ್ತಾಗುದಿಲ್ಲ.”

ಅವನು ಲ್ಯಾಪ್‌ಟಾಪು ಒತ್ತಿದ. ಬಳ್ಳಿ ಒಮ್ಮೆ ಆರಿ, ಮತ್ತೆ ಹೊತ್ತಿಕೊಂಡಿತು. ಸಮನಾಗಿ, ನಯವಾಗಿ, ಎಲ್ಲೂ ತಡವರಿಸದೆ. ಶಿವಕುಮಾರಿಯ ಹೆಗಲು ಹಗುರಾಯಿತು. ಇನ್ನು ಹೊಲಿಗೆಯಲ್ಲಿ ಯಾರೂ ಕುಂದು ಹೇಳಲಾರರು. ಹೇಗೆ ಸರಿಹೋಯಿತೆಂದು ಗುಡುಸಾಬನಿಗೆ ಹೇಳುವ ಅಗತ್ಯವೂ ಇಲ್ಲ.

“ಅಕ್ಕಾ, ಹೆಂಗ್ ಕಾಣ್ತೀನಿ?”

“ದೀಪದ ಕಂಬ ಕಂಡಂಗ ಕಾಣ್ತಿ. ನಡಿ, ಕರೀತಾರ.”

ಸಪ್ನಾ ಪರದೆಯಾಚೆ ಹೋದಳು. ಶಿವಕುಮಾರಿ ಸೂಜಿ, ಕತ್ತರಿ ಜೋಡಿಸಿಕೊಳ್ಳುತ್ತಿದ್ದಾಗ ಶಿರೀನ್ ಮೇಜಿನ ಮೇಲಿನ ಹಳೆಯ ಪಟ್ಟಿ ಎತ್ತಿಕೊಂಡಳು. “ದೀದಿ, ಇದ್ ಬೇಕಾ?” ಎಂದು ಆಟಕ್ಕೆ ಎರಡು ಬಿಲ್ಲೆಗಳ ಮೇಲೆ ಎರಡೂ ಹೆಬ್ಬೆರಳು ಒತ್ತಿದಳು. ಪಟ್ಟಿಗೆ ಅಂಟಿದ್ದ ಒಂಟಿ ಹೂವು ಹೊತ್ತಿತು. ಆರಿತು. ಹೊತ್ತಿತು.

ಶಿವಕುಮಾರಿ ನೋಡುತ್ತ ನಿಂತಳು. ಕತ್ತಲು ಬರಬೇಕಾದಲ್ಲಿ ಬರಲಿಲ್ಲ. ಅವಳು ಪಟ್ಟಿ ಕಸಿದುಕೊಂಡು ತನ್ನ ಹೆಬ್ಬೆರಳು ಇಟ್ಟಳು. ಹೂವು ಗಾಬರಿಯಿಂದ ಬೇಗಬೇಗ ಮಿನುಗಿತು. ಆದರೆ ಒಮ್ಮೆಯೂ ತಪ್ಪಲಿಲ್ಲ. ಕೆಟ್ಟಿದೆಯೆಂದು ಕತ್ತರಿಸಿ ಹಾಕಿದ್ದು ಕೆಟ್ಟೇ ಇರಲಿಲ್ಲ. ಅಂದರೆ ಹೊಲಿಗೆ ಮೊದಲಿನಿಂದಲೂ ಸರಿಯಾಗಿತ್ತು. ಸರಿಯಿಲ್ಲದ್ದು ಅದರ ಕೆಳಗಿತ್ತು. ಗೋಡೆಗೆ ಕೊಟ್ಟ ಕೈ, ಕೂತು ಮಲಗುವ ರಾತ್ರಿಗಳು, ತಣ್ಣನೆಯ ಬೆವರು, ಎಲ್ಲವೂ ಒಂದೇ ದಾರದಲ್ಲಿ ಪೋಣಿಸಿಕೊಂಡು ಅವಳ ಮುಂದೆ ಬಂದವು. ಆ ದಾರದ ಕೊನೆಯಲ್ಲಿ ಅಪ್ಪ ಮೆಟ್ಟಿಲ ಮೇಲೆ ಕೂತಿದ್ದ.

ಅವಳು ಕತ್ತರಿ ಕೈಯಲ್ಲಿದ್ದಂತೆಯೇ ಓಡಿದಳು.

ಸಭಾಂಗಣದ ದೀಪ ಆರಿಸಿದ್ದರು. ಕತ್ತಲಲ್ಲಿ ಬಳ್ಳಿಯೊಂದೇ ತೇಲುತ್ತಿತ್ತು. ವೇದಿಕೆಯ ತುದಿಯಲ್ಲಿ ಅದು ನಿಂತಿತು. ಜನ ಚಪ್ಪಾಳೆ ತಟ್ಟಿದರು. ತಿರುಗಿತು. ಪರದೆಯ ಹತ್ತಿರ ಬರುತ್ತ ಮೆಲ್ಲಗೆ, ಬಹಳ ಮೆಲ್ಲಗೆ, ಕೆಳಕ್ಕೆ ಇಳಿಯಿತು. ಅದೂ ಆಟದ ಭಾಗವೆಂದುಕೊಂಡು ಜನ ಇನ್ನಷ್ಟು ತಟ್ಟಿದರು.

“ಅಕ್ಕಾ,” ಕತ್ತಲಲ್ಲಿ ಸಪ್ನಾಳ ದನಿ ಕೇಳಿತು. “ಸ್ವಲ್ಪ ಕೂಡ್ತೀನಿ.”

“ಸಪ್ನಾ! ಡಾಕ್ಟರನ್ನ ಕರೀರಿ! ಯಾರಾದ್ರೂ ಗಾಡಿ ತರಿಸ್ರಿ!”

“ಎಂತ ಆಯ್ತು?” ಚೇತನ ಬಗ್ಗಿದ. ಅಭ್ಯಾಸದಂತೆ ಅವನ ಕಣ್ಣು ಮೊದಲು ಬಳ್ಳಿಯ ಮೇಲೆ ಹೋಯಿತು. “ಬಡಿತ ಸರಿಯಾಗೇ ಉಂಟಲ್ಲ...”

ಅದು ಯಾರ ಬಡಿತವೆಂಬುದು ಅವನಿಗೂ ನೆನಪಾಯಿತು. ಅವನು ಫೋನು ತೆಗೆದುಕೊಂಡು ಹೊರಗೆ ಓಡಿದ.

ಶಿವಕುಮಾರಿ ರವಿಕೆಯನ್ನು ಕೆಳಪಟ್ಟಿಯಿಂದ ಕೊರಳವರೆಗೆ ಕತ್ತರಿಸಿದಳು. ಈಗಷ್ಟೇ ಹಾಕಿದ ಬಿಗಿ ಹೊಲಿಗೆ ಅವಳ ಕೈಗೇ ಸುಲಭಕ್ಕೆ ಬಗ್ಗಲಿಲ್ಲ. ಅದನ್ನು ಎಳೆದು ಪಕ್ಕಕ್ಕೆಸೆದು, ಸೆರಗು ಹೊದಿಸಿ, ತಂಗಿಯ ಎದೆಗೆ ಕಿವಿಯಿಟ್ಟಳು. ಚಪ್ಪಾಳೆ ನಿಂತಿತ್ತು. ಸಂಗೀತವೂ ನಿಂತಿತ್ತು.

ಆ ಮೌನದ ತಳದಲ್ಲಿ ಅದು ಕೇಳಿತು. ಒಂದು. ಇನ್ನೊಂದು. ತಾನು ಬಿಚ್ಚಿ ಬಿಚ್ಚಿ ಹೊಲಿದ ಅದೇ ಲಯ, ಅವಳಿಗೆ ಬಾಯಿಪಾಠವಾಗಿತ್ತು. ಇನ್ನು ಕತ್ತಲು. ಆಮೇಲೆ ಅವಸರದ ಎರಡು ಬರಬೇಕು.

ನೆಲದ ಮೇಲೆ ಬಿದ್ದ ರವಿಕೆಯ ಹೂವುಗಳು ಸಮನಾಗಿ ಹೊತ್ತಿ ಆರುತ್ತಿದ್ದವು. ಶಿವಕುಮಾರಿ ಕಣ್ಣು ಮುಚ್ಚಿಕೊಂಡು ಆ ಎರಡಕ್ಕಾಗಿ ಕಾದಳು.