ದಾಕ್ಷಾಯಣಮ್ಮನ ಮಾತ್ರೆ ಡಬ್ಬಿ

ಮಲಯಾಳ ನಾಡಿನ ವಿಲ್ಲಿಂಗ್ಡನ್ ಐಲ್ಯಾಂಡಿನ ಕ್ವಾರ್ಟರ್ಸಿನಲ್ಲಿ ಆಗೆಲ್ಲ ಒಂದು ರೂಢಿ ಇತ್ತು. ವರ್ಗವಾಗಿ ಹೊರಟ ಕನ್ನಡದ ಸಂಸಾರ ಉಪ್ಪಿನಕಾಯಿ ಜಾಡಿ, ತುಳಸಿ ಕುಂಡ ಎಲ್ಲವನ್ನೂ ಅಕ್ಕಪಕ್ಕದವರಿಗೆ ಕೊಟ್ಟು ಹೋಗುತ್ತಿತ್ತು. ಮಿಕ್ಕ ಮಾತ್ರೆಗಳು ಮಾತ್ರ ದಾಕ್ಷಾಯಣಮ್ಮನ ಪಾಲು. ಮೈಸೂರಿನಿಂದ ಬಂದ ಆಕೆ ಅವನ್ನೆಲ್ಲ ತಗಡಿನ ಬಿಸ್ಕತ್ತು ಡಬ್ಬಿಯಲ್ಲಿ ತುಂಬಿ ದೇವರ ಗೂಡಿನ ಕೆಳಗೆ ಇಟ್ಟುಕೊಂಡಿದ್ದರು. ಯಾರ ಮಗುವಿಗೆ ಮೈ ಬೆಚ್ಚಗಾದರೂ ಅವರ ಬಾಗಿಲಿಗೇ ಬರುತ್ತಿದ್ದರು. ದೇವರಿಗೆ ಕೈಮುಗಿದು ಮಾತ್ರೆ ಕೊಟ್ಟು, ಮೇಲೊಂದು ಬೆಲ್ಲದ ಚೂರು ಇಡುತ್ತಿದ್ದರು. ಊರು ಬಿಟ್ಟು ಬಂದ ಹೆಂಗಸರಿಗೆ ಆ ಡಬ್ಬಿ ತವರಿದ್ದಂತೆ.

ಕ್ವಾರ್ಟರ್ಸ್ ಬಿಟ್ಟು ಎಡಪ್ಪಳ್ಳಿಯ ಫ್ಲ್ಯಾಟಿಗೆ ಬಂದಾಗ ಡಬ್ಬಿಯೂ ಜೊತೆಗೆ ಬಂತು. ಗಂಡ ಶ್ರೀಕಂಠಯ್ಯನವರಿಗೆ ಉರಿಮೂತ್ರವಾದಾಗಲೆಲ್ಲ ಅದರಿಂದಲೇ ಮದ್ದು. ಉರಿ ಇಳಿದ ಕೂಡಲೇ ನಿಲ್ಲಿಸುವುದು, ಮಿಕ್ಕಿದ್ದನ್ನು ಮತ್ತೆ ಡಬ್ಬಿಗೆ ಹಾಕುವುದು. ಸುಮ್ಮನೆ ಯಾಕೆ ದಂಡ ಮಾಡಬೇಕು?

ಈ ಸಲ ಕಾಯಿಲೆ ಬಗ್ಗಲಿಲ್ಲ. ನಾದಿನಿಯ ಮನೆ ಗೃಹಪ್ರವೇಶಕ್ಕೆಂದು ತಿರುವನಂತಪುರಕ್ಕೆ ಹೋದಾಗ ಶ್ರೀಕಂಠಯ್ಯನವರು ಅಲ್ಲೇ ಚಳಿಜ್ವರದಿಂದ ನಡುಗತೊಡಗಿದರು. ಆಸ್ಪತ್ರೆಗೆ ಸೇರಿಸಿದ್ದಾಯಿತು. ಇಂಜೆಕ್ಷನ್ ಬದಲಾಯಿಸಿದರೂ ಜ್ವರ ಬಿಡಲಿಲ್ಲ. ಸೋಂಕು ರಕ್ತಕ್ಕೂ ಏರಿತ್ತು.

ಆ ಆಸ್ಪತ್ರೆಯ ಲ್ಯಾಬಿನಲ್ಲಿ ಡಾಕ್ಟರಾಗಿರುವ ನಿಶಾ ಕಾಸರಗೋಡಿನವರ ಮಗಳು, ಅದೇ ಕ್ವಾರ್ಟರ್ಸಿನಲ್ಲಿ ಆಡಿ ಬೆಳೆದವಳು. ವಾರ್ಡಿಗೆ ಬಂದವಳು ಕೇಳಿದಳು, "ಎಂತ ಆಂಟಿ ಅದು, ಕರ್ಚೀಫಿನಲ್ಲಿ?"

"ನಮ್ಮ ಡಬ್ಬಿ ಮಾತ್ರೆ ಕಣೇ. ಸಿಸ್ಟರ್ ಆಚೆ ಹೋಗಲಿ, ಇವರಿಗೊಂದು ನುಂಗಿಸ್ತೀನಿ. ನೀನೂ ಇದನ್ನೇ ತಿಂದು ಬೆಳೆದೋಳು. ಡಾಕ್ಟರಾದ ಮೇಲೆ ಮರ್ತುಹೋಯ್ತಾ?"

"ಮರೀಲಿಕ್ಕೆ ಉಂಟಾ? ನಿಮ್ಮ ಬೆಲ್ಲದ ಆಸೆಗೆ ಜ್ವರ ಅಂತ ಸುಳ್ಳು ಹೇಳ್ತಿದ್ದೆ." ನಿಶಾ ನಕ್ಕು ಪಕ್ಕದಲ್ಲಿ ಕೂತಳು. ಆಮೇಲೆ ಮೆಲ್ಲಗೆ ಹೇಳಿದಳು, "ಆಂಟಿ, ಅಂಕಲ್‌ನ ರಕ್ತದಲ್ಲಿ ಸಿಕ್ಕಿದ ಬ್ಯಾಕ್ಟೀರಿಯಾವನ್ನು ಲ್ಯಾಬಿನಲ್ಲಿ ಬೆಳೆಸಿ ನೋಡಿದೆವು. ಈ ಮಾತ್ರೆಗೆ ಅದು ಸಾಯುವುದಿಲ್ಲ. ಬೇಕಾದಾಗ, ಬೇಡದಾಗ ಆಂಟಿಬಯೋಟಿಕ್ ನುಂಗಿದ್ರೆ ಗಟ್ಟಿ ಬ್ಯಾಕ್ಟೀರಿಯಾಗಳೇ ಉಳ್ಕೊಳ್ತವೆ. ಮತ್ತೆ ಅವುಗಳದ್ದೇ ಸಂತಾನ."

ದಾಕ್ಷಾಯಣಮ್ಮನ ಮುಖ ಬಾಡಿತು. "ಹಂಗಾದ್ರೆ ಇವರನ್ನ ಈ ಗತಿಗೆ ತಂದಿದ್ದು ನಾನೇನಾ?"

"ಹಾಗೆ ಖಂಡಿತ ಹೇಳ್ಲಿಕ್ಕೆ ಆಗುದಿಲ್ಲ. ಇಂಥ ಬ್ಯಾಕ್ಟೀರಿಯಾ ಒಬ್ಬರಿಂದ ಒಬ್ಬರಿಗೂ ದಾಟ್ತದೆ. ಕೈ ತೊಳೀದಿದ್ರೆ ಆಸ್ಪತ್ರೆಯೊಳಗೂ ಹರಡ್ತದೆ. ಆದರೆ ಈಗ ನೀವು ಕದ್ದು ಮಾತ್ರೆ ಕೊಡ್ಬೇಡಿ."

"ಮತ್ತೆ ದಾರಿ ಏನು ಪುಟ್ಟಿ?"

"ಹೊಸ ಇಂಜೆಕ್ಷನ್ ಉಂಟು. ಅದರಲ್ಲಿ ಎರಡು ಮದ್ದು ಜೊತೆಗೆ. ಈ ಬ್ಯಾಕ್ಟೀರಿಯಾ ನಮ್ಮ ಮದ್ದನ್ನು ತುಂಡು ಮಾಡ್ಲಿಕ್ಕೆ ಒಂದು ಕತ್ತರಿ ಇಟ್ಕೊಂಡ ಹಾಗೆ. ಒಂದು ಮದ್ದು ಆ ಕತ್ತರಿ ಆಡದ ಹಾಗೆ ಹಿಡೀತದೆ, ಇನ್ನೊಂದು ಬ್ಯಾಕ್ಟೀರಿಯಾವನ್ನು ಕೊಲ್ತದೆ. ಲ್ಯಾಬಿನಲ್ಲಿ ಇದು ಕೆಲಸ ಮಾಡಿದೆ. ಅಂಕಲ್‌ಗೂ ಮಾಡ್ತದೆ ಅಂತ ನಂಬಿಕೆ."

"ಅಷ್ಟು ಒಳ್ಳೇದನ್ನ ಇಷ್ಟು ದಿನ ಬಚ್ಚಿಟ್ಕೊಂಡಿದ್ರಾ?"

"ಹೌದಾಂಟಿ, ಬಚ್ಚಿಟ್ಟದ್ದೇ. ಎಲ್ಲರಿಗೂ ಎಲ್ಲದಕ್ಕೂ ಕೊಟ್ರೆ ಬ್ಯಾಕ್ಟೀರಿಯಾ ಇದನ್ನೂ ಗೆಲ್ಲಲಿಕ್ಕೆ ಕಲೀತದೆ. ಮತ್ತೆ ನಮ್ಮ ಕೈಯಲ್ಲಿ ಎಂತ ಉಳೀತದೆ?"

ದಾಕ್ಷಾಯಣಮ್ಮ ಕರ್ಚೀಫಿನ ಗಂಟು ಬಿಚ್ಚಿದರು. ಲಾರಿಗೆ ಸಾಮಾನು ಏರಿಸಿ, ಕಣ್ಣೊರೆಸಿಕೊಂಡು ಮಾತ್ರೆಪಟ್ಟಿ ಕೈಗಿಟ್ಟು ಹೋದ ಗೆಳತಿಯರೆಲ್ಲ ಮನಸ್ಸಿಗೆ ಬಂದರು. ಎಲ್ಲವನ್ನೂ ನಿಶಾಳ ಅಂಗೈಗೆ ಸುರಿದರು.

ಹೊಸ ಮದ್ದು ಹನಿಹನಿಯಾಗಿ ಇಳಿಯಿತು. ದಾಕ್ಷಾಯಣಮ್ಮ ಆ ಊರ ದೇವರು ಪದ್ಮನಾಭನನ್ನು ನೆನೆಯುತ್ತ ಕೂತರು. ಜ್ವರ ಒಮ್ಮೆಗೇ ಹೋಗಲಿಲ್ಲ, ಆದರೆ ದಿನದಿನಕ್ಕೆ ತಗ್ಗಿತು. ಒಂದು ಬೆಳಿಗ್ಗೆ ಶ್ರೀಕಂಠಯ್ಯ ಕಣ್ಣುಬಿಟ್ಟು, "ಸ್ವಲ್ಪ ಮಜ್ಜಿಗೆ ಅನ್ನ ಸಿಗುತ್ತೇನೇ?" ಅಂದರು. ಆಕೆ ಆಗಲೇ ಸಿಸ್ಟರನ್ನು ಕೇಳಲು ಎದ್ದರು.

ಎಡಪ್ಪಳ್ಳಿಗೆ ಮರಳಿದ ಮೇಲೆ, ಪಕ್ಕದ ಫ್ಲ್ಯಾಟಿಗೆ ಹೊಸದಾಗಿ ವರ್ಗವಾಗಿ ಬಂದ ಐಶ್ವರ್ಯ ಮಗುವನ್ನೆತ್ತಿಕೊಂಡು ಬಂದಳು. "ಆಂಟಿ, ನೆಗಡಿ ಜ್ವರ. ನಿಮ್ಮ ಹತ್ರ ಆಂಟಿಬಯೋಟಿಕ್ ಇರುತ್ತಂತಲ್ಲ?"

ದಾಕ್ಷಾಯಣಮ್ಮ ಚಪ್ಪಲಿ ಮೆಟ್ಟಿಕೊಂಡರು. "ಇಲ್ಲಮ್ಮಾ, ಆ ಅಂಗಡಿ ಮುಚ್ಚಿದ್ದಾಯ್ತು. ನಡಿ, ಡಾಕ್ಟರಿಗೆ ತೋರಿಸೋಣ. ಮಲಯಾಳದಲ್ಲಿ ನಾನು ಮಾತಾಡ್ತೀನಿ." ಡಾಕ್ಟರು ನೋಡಿ, ಈ ನೆಗಡಿಗೆ ಆಂಟಿಬಯೋಟಿಕ್ ಬೇಕಿಲ್ಲ ಎಂದರು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಇಂಥದೊಂದು ಡಬ್ಬಿ ಇದೆಯೇ? ಡಾಕ್ಟರ ಚೀಟಿ ಇಲ್ಲದೆ ಆಂಟಿಬಯೋಟಿಕ್ ತೆಗೆದುಕೊಳ್ಳಬೇಡಿ. ಅವರು ಹೇಳಿದಷ್ಟು ದಿನ, ಹೇಳಿದ ಹಾಗೆ ನುಂಗಿ. ಆಸ್ಪತ್ರೆಗೆ ಯಾರನ್ನಾದರೂ ನೋಡಲು ಹೋದರೆ, ಒಳಗೆ ಹೋಗುವಾಗಲೂ ಹೊರಗೆ ಬರುವಾಗಲೂ ಕೈ ತೊಳೆಯಿರಿ. ಹೊಸ ಮದ್ದು ಇನ್ನೊಬ್ಬರ ಜೀವ ಉಳಿಸಬೇಕಾದರೆ ಇಂದು ನಾವು ಕೈ ಬಿಗಿ ಹಿಡಿಯಬೇಕು. ದೇವರ ಪ್ರಸಾದವನ್ನು ನಾಲ್ಕು ಮನೆಗೆ ಹಂಚಿ. ಆಂಟಿಬಯೋಟಿಕ್ ಮಾತ್ರ ಯಾರಿಗೂ ಹಂಚಬೇಡಿ.