ಕೂಗದವನು

"ಅಯ್ಯಯ್ಯೋ, ಎಂತ ಇದ್, ಏಳಿ, ಏಳಿ!" ಎನ್ನುತ್ತ ಸದಾನಂದ ಹಿಂದಕ್ಕೆ ಸರಿದು ಗೋಡೆಗೆ ಬೆನ್ನು ತಾಗಿಸಿದ. ಇನ್ನು ಸರಿಯಲು ಜಾಗವಿರಲಿಲ್ಲ. ಮೈಸೂರಿನಿಂದ ಮೊನ್ನೆಯಷ್ಟೇ ಬಂದಿಳಿದಿದ್ದ ವೈದೇಹಿಯಮ್ಮ ಕಾರ್ಪೆಟ್ಟಿನ ಮೇಲೆ ಮಂಡಿಯೂರಿ ಅವನ ಕಾಲು ಮುಟ್ಟಿಯೇಬಿಟ್ಟರು. ವಯಸ್ಸಿನಲ್ಲಿ ಅವನಿಗಿಂತ ಹಿರಿಯರು ಬೇರೆ. ಉಡುಪಿ ಹೋಟೆಲಿನಲ್ಲಿ ದೋಸೆ ಹುಯ್ಯುವವನ ಕಾಲಿಗೆ ಯಾರಾದರೂ ಬೀಳುವುದುಂಟೇ! ಇಷ್ಟು ವರ್ಷಕ್ಕೆ ಆ ಕಾಲಿನ ಮೇಲೆ ಬಿದ್ದದ್ದೆಂದರೆ ದೋಸೆಹಿಟ್ಟು ಮಾತ್ರ.

"ನನ್ನ ಮಗಳ ಜೀವ ಉಳಿಸಿದ ದೇವ್ರು ಸ್ವಾಮಿ ನೀವು. ನಿಮ್ಮ ಋಣ ಹೇಗೆ ತೀರಿಸ್ಲಿ?"

ಮಗಳು ನವ್ಯಶ್ರೀ ತಟ್ಟೆ ಹಿಡಿದು ಬಾಗಿಲ ಬಳಿಯೇ ನಿಂತಿದ್ದಳು. ತಟ್ಟೆಯಲ್ಲಿ ಹಣ್ಣು, ತೆಂಗಿನಕಾಯಿ, ಊರಿನಿಂದ ತರಿಸಿದ ಜರಿಯಂಚಿನ ಶಾಲು. ಅವಳ ಕಣ್ಣುಗಳು ಗುಳಿಬಿದ್ದಿದ್ದವು. ಸದಾನಂದ ಅವಳ ಕಡೆ ಒಮ್ಮೆ ನೋಡಿ ಚಟ್ಟನೆ ಮುಖ ತಿರುಗಿಸಿದ.

ಅವನ ಹೆಂಡತಿ ಗುಲಾಬಿಗೆ ಮಾತ್ರ ಹಿಗ್ಗೋ ಹಿಗ್ಗು. "ಬನ್ನಿ, ಕೂಕಣಿ ಅಮ್ಮ. ಹ್ವಾಯ್, ನೀವ್ ಎಂತ ಕಂಬದ ಹಾಂಗ್ ನಿಂತಿದ್ರಿ? ಶಾಲ್ ಹೊದ್ಕಣಿ ಮರಾಯ್ರೆ!"

ಅಕ್ಸ್‌ಬ್ರಿಡ್ಜ್‌ ಎಂಬ ಇಂಗ್ಲಿಷ್ ಪೇಟೆಯ ಅಂಚಿನಲ್ಲಿರುವ ಕೆರೆಯ ಸುತ್ತ ಬೇಸಿಗೆ ಬಂತೆಂದರೆ ಜನವೋ ಜನ. ಹುಲ್ಲಿನ ಮೇಲೆ ಬುತ್ತಿ ಬಿಚ್ಚುವವರು, ನಾಯಿ ಅಡ್ಡಾಡಿಸುವವರು, ಈಜು ಬಾರದಿದ್ದರೂ ನೀರಿಗಿಳಿದು ಪೇಚಿಗೆ ಸಿಕ್ಕುವವರು. ಪೇಟೆಯಿಂದ ಫೈರ್ ಇಂಜಿನ್ ಬಂದು ಮುಟ್ಟುವ ಮೊದಲೇ ನೆರವಿಗೆ ಧಾವಿಸಲೆಂದು ಅಕ್ಕಪಕ್ಕದವರೇ ಸೇರಿ ಒಂದು ರಕ್ಷಣಾ ತಂಡ ಕಟ್ಟಿಕೊಂಡಿದ್ದರು. ಸಂಬಳ ಗಿಂಬಳ ಏನಿಲ್ಲ. ಸೊಂಟದ ಪೇಜರ್ ಕಿರುಚಿದರೆ ಕೈಯಲ್ಲಿದ್ದುದನ್ನು ಬಿಟ್ಟು ಓಡಬೇಕು, ಅಷ್ಟೇ. ಗಂಗೊಳ್ಳಿಯ ಹೊಳೆಯಲ್ಲಿ ಈಜಿ ಬೆಳೆದ ಸದಾನಂದ ಅದಕ್ಕೆ ಸೇರಿದಾಗ ಗುಲಾಬಿ, ಬಿಟ್ಟಿ ಚಾಕರಿ ಎಂದು ಮುಖ ಸಿಂಡರಿಸಿದ್ದಳು. ಈಗ ಹೌನ್ಸ್ಲೋದಿಂದ ಸ್ಟ್ರಾಟ್‌ಫರ್ಡ್‌ವರೆಗೆ ಗುರುತಿದ್ದವರಿಗೆಲ್ಲ ಫೋನು ಮಾಡಿ, ಗಂಡ ಕನ್ನಡದ ಹುಡುಗಿಯನ್ನು ನೀರಿನಿಂದ ಎತ್ತಿದ ಕಥೆ ಹೇಳಿದವಳೂ ಅವಳೇ. ಅವಳು ಹೇಳಿದಷ್ಟು ಸಲವೂ ಸದಾನಂದ ಎದ್ದು ಅಡುಗೆಮನೆಗೆ ಹೋಗುತ್ತಿದ್ದ.

ಕಾಫಿ ಬಂತು. ನವ್ಯಶ್ರೀ ಲೋಟ ಮುಟ್ಟಲಿಲ್ಲ.

"ಅಂಕಲ್, ಮುಂದಿನ ವಾರ ನಾನು ಕಾರೊನರ್ ಮುಂದೆ ಮಾತಾಡ್ಬೇಕು. ಡೆನಿಸ್ ಅವರ ಸಾವಿನ ವಿಚಾರಣೆ."

ಡೆನಿಸ್ ಎಂದರೆ ಅಂದು ನಾಯಿಯೊಂದಿಗೆ ಕೆರೆಯ ದಂಡೆಗೆ ಬಂದಿದ್ದ ಬಿಳಿಗೂದಲಿನ ಮುದುಕ. ನವ್ಯಶ್ರೀ ನಿಂತು ಹುಟ್ಟುಹಾಕುತ್ತಿದ್ದ ಪ್ಯಾಡಲ್ ಬೋರ್ಡ್ ಗಾಳಿಗೆ ಮಗುಚಿದ್ದನ್ನು ಕಂಡು, ಕೋಟು ಕಳಚಿ, ಹಿಂದುಮುಂದು ನೋಡದೆ ನೀರಿಗೆ ಹಾರಿದವರು. ಮೇ ತಿಂಗಳಾದರೂ ನೀರು ಮಂಜಿನಂತೆ ಕೊರೆಯುತ್ತಿತ್ತು. ಅರ್ಧ ದಾರಿಯಲ್ಲೇ ಅವರ ಕೈಕಾಲು ಸೋತವು. ಬೋಟು ನವ್ಯಶ್ರೀಯನ್ನು ಎತ್ತಿಕೊಂಡು ಹಿಂದಿರುಗುವಷ್ಟರಲ್ಲಿ ಮುಳುಗಿಬಿಟ್ಟಿದ್ದರು. ಹುಡುಕಿ ಮೇಲೆತ್ತಿದರೂ ಆಸ್ಪತ್ರೆಯಲ್ಲಿ ಪ್ರಾಣ ಹೋಯಿತು.

"ನಾನೇ ಕಾರಣ ಅಂತ ಹೇಳ್ಬಿಡ್ತೀನಿ," ಎಂದಳು ನವ್ಯಶ್ರೀ. "ಅವರು ನೀರಲ್ಲಿರೋದು ನಂಗೊಬ್ಳಿಗೇ ಗೊತ್ತಿದ್ದಿದ್ದು. ಬೋಟ್ ಕಂಡ ತಕ್ಷಣ ಅವರನ್ನ ತೋರಿಸ್ಬೇಕಿತ್ತು. ನಾನು ನನ್ನ ಜೀವಕ್ಕೋಸ್ಕರ ಕಿರುಚ್ಕೊಂಡೇ ಇದ್ದೆ. ನಿಮಗ್ಯಾರಿಗೂ ಅವರು ಕಾಣಿಸ್ಲೇ ಇಲ್ಲ ಅಂದ್ರಲ್ಲ, ಪಾಪ, ನೀವಾದ್ರೂ ಏನ್ ಮಾಡ್ತೀರಿ?"

"ನೋಡಿ, ಹೀಗೇ ಹಗಲೂ ರಾತ್ರಿ," ಎಂದರು ವೈದೇಹಿಯಮ್ಮ. "ಊಟ ಇಲ್ಲ, ಆಫೀಸಿಲ್ಲ. ಅವರ ಹೆಂಡತಿ ಮನೆ ಮುಂದೆ ಹೋಗಿ ನಿಂತು, ಬೆಲ್ ಒತ್ತೋಕೆ ಧೈರ್ಯ ಬರದೆ ವಾಪಸ್ ಬರ್ತಾಳೆ. ನೀವು ಹೇಳಿದ್ರೆ ಕೇಳ್ತಾಳೆ. ಒಂದು ಮಾತು ಹೇಳಿ."

ಹೇಳುವುದೇನು, ಮಣ್ಣು! ಹೇಳಬೇಕಾದ ಮಾತೊಂದು ಅಂದಿನಿಂದ ಸದಾನಂದನ ಎದೆಯಲ್ಲಿ ಕಲ್ಲಾಗಿ ಕೂತಿತ್ತು. ಬೋಟಿನ ಮೂತಿಯಲ್ಲಿ ಕೂತವನು ಅವನೇ. ಹಿಂದೆ ಇಂಜಿನ್ ಹಿಡಿದ ಲಿಂಡಾ, ತಂಡದ ನಾಯಕಿ, ಅವನು ಕೈ ತೋರಿದತ್ತ ಬೋಟು ಬಿಡುವವಳು. ನೀರಿನ ಮೇಲಿನ ಬಿಸಿಲಿನ ಹೊಳಪಿಗೆ ಅವಳಿಗೆ ಮುಂದೇನೂ ಕಾಣುತ್ತಿರಲಿಲ್ಲ. ಆಮೇಲೆ ದಂಡೆಯಲ್ಲಿ, ಮೈಯೆಲ್ಲ ನೀರು ಸುರಿಯುತ್ತಿರುವಾಗ, ಅವಳು ಕೇಳಿದ್ದಳು: ಮೊದಲೇ ಆ ಮುದುಕರನ್ನು ನೋಡಿದ್ದೆಯಾ ಸದಾ? ಇಲ್ಲ ಎಂದಿದ್ದ. ಎಷ್ಟು ಸಲೀಸಾಗಿ ಬಂದಿತ್ತು ಆ ಮಾತು! ಹೇಳಿದ ಮೇಲೆಯೇ ಅದು ಸುಳ್ಳೆಂದು ಅವನಿಗೇ ಹೊಳೆದದ್ದು. ಆಗಲೇ ತಿದ್ದಬಹುದಿತ್ತು. ತಿದ್ದಲಿಲ್ಲ. ಲಿಂಡಾ ಅವನ ಬೆನ್ನು ತಟ್ಟಿ ಸಮಾಧಾನ ಹೇಳಿದ್ದಳು. ಅವಳು ಹೇಳುತ್ತಿದ್ದಾಗ ತಲೆ ತಗ್ಗಿಸಿ ನಿಂತಿದ್ದ. ಅದೂ ದುಃಖವೆಂದೇ ಎಲ್ಲರೂ ತಿಳಿದರು. ಈಗ ಈ ಹುಡುಗಿ ಅವನ ಪಾಪವನ್ನು ತನ್ನ ತಲೆಯ ಮೇಲೆ ಹೊತ್ತು ವಿಚಾರಣೆಗೆ ಹೊರಟಿದ್ದಾಳೆ. ಸುಮ್ಮನೆ ಕೂತರೆ ಹೊತ್ತೇ ಹೊರುತ್ತಾಳೆ, ಜೀವನಪೂರ್ತಿ. ತನ್ನ ಮೇಲೆ ತನಗೇ ಹೇಸಿಗೆಯಾಯಿತು ಅವನಿಗೆ.

"ನಂಗ್ ಕಂಡಿತ್ತ್," ಎಂದ.

"ಎಂತ?" ಎಂದಳು ಗುಲಾಬಿ.

"ಆ ಅಜ್ಜ ನಂಗ್ ಕಂಡಿತ್ತ್. ನೀರ್ ಮೇಲೆ ಬಿಳಿ ತಲೆ. ಹತ್ರವೇ ಇದ್ದ್ರ್." ಮೈಸೂರಿನವರಿಗೆ ಅರ್ಥವಾಗಲಿ ಎಂದು ಮಾತು ತಿದ್ದಿಕೊಂಡ. "ನೋಡಿದ್ದೆ ಮಗಾ, ನಾನು ಅವರನ್ನು ನೋಡಿದ್ದೆ. ನೀನು ತೋರಿಸಬೇಕಾದ್ದು ಏನೂ ಇರಲಿಲ್ಲ. ನೀನು ದೂರದಲ್ಲಿದ್ದೆ, ಬೋರ್ಡ್ ಹಿಡ್ಕೊಂಡಿದ್ದೆ. ನಮಗೆ ಮೊದಲ ದಿನವೇ ಹೇಳಿಕೊಡ್ತಾರೆ, ಕೂಗುವವನಿಗೆ ಇನ್ನೂ ಉಸಿರುಂಟು, ಕೂಗದವನ ಹತ್ರ ಮೊದಲು ಹೋಗು ಅಂತ. ಕೈ ಎತ್ತಿದ್ದೆ ಅವರ ಕಡೆಗೇ. ಅಷ್ಟೊತ್ತಿಗೆ ನೀನು, ಅಯ್ಯೋ ಅಮ್ಮಾ, ಯಾರಾದ್ರೂ ಬನ್ರೋ ಅಂತ ಕೂಗಿದೆ. ಈ ದೇಶದ ನೀರಲ್ಲಿ ಕನ್ನಡ! ನನ್ನ ತಲೆ ಕೆಟ್ಟೋಯ್ತು. ಕೈ ನಿನ್ನ ಕಡೆ ತಿರುಗಿಸಿದೆ. ಲಿಂಡಾ ಬೋಟು ಬಿಟ್ಟಳು. ಅಜ್ಜನ ಪಕ್ಕದಲ್ಲೇ ಹಾದು ಬಂದ್ವಿ."

ಗುಲಾಬಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಮೊದಲು ಎದ್ದವರು ವೈದೇಹಿಯಮ್ಮ. ತಟ್ಟೆಯ ಶಾಲು ತೆಗೆದು, ಮಡಿಕೆ ಬಿಚ್ಚಿ, ಸದಾನಂದನ ಹೆಗಲಿಗೆ ಹೊದಿಸಿಯೇಬಿಟ್ಟರು.

"ಅದಕ್ಯಾಕೆ ಇಷ್ಟೊಂದು ಕೊರಗ್ತೀರಿ? ನಮ್ಮ ಮಾತು ಕೇಳಿ ಕರುಳು ಚುರ್ ಅಂತು, ಬಂದ್ರಿ. ನಮ್ಮೋರು ನಮ್ಮೋರಿಗೆ ಆಗ್ದೆ ಇನ್ಯಾರಿಗೆ ಆಗ್ಬೇಕು? ಆ ಪುಣ್ಯಾತ್ಮರಿಗೆ ವಯಸ್ಸೂ ಆಗಿತ್ತು. ಇದು ಈ ನಾಲ್ಕು ಗೋಡೆ ದಾಟೋದು ಬೇಡ. ತನ್ನ ತಪ್ಪಲ್ಲ ಅಂತ ಇವಳಿಗೂ ತಿಳೀತು, ಮುಗೀತು."

ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ಕಪಾಳಕ್ಕೆ ಬಾರಿಸಿದ್ದರೂ ಸರಿ ಎನ್ನುತ್ತಿದ್ದ. ಆದರೆ ಅವರು ಅವನನ್ನು ಮೊದಲಿಗಿಂತ ಹೆಚ್ಚು ಪ್ರೀತಿಯಿಂದ ನೋಡುತ್ತಿದ್ದರು. ಅದನ್ನು ಸಹಿಸಲಾರದೆ ಸದಾನಂದ ಶಾಲನ್ನು ಕಿತ್ತು ಸೋಫಾದ ಮೇಲಿಟ್ಟ.

"ಬೇಡ ಅಮ್ಮ. ಕಾರೊನರ್ ಹತ್ರ ನಾನೇ ಹೇಳ್ತೇನೆ. ಅದಕ್ಕೂ ಮೊದಲು ಲಿಂಡಾಗೆ."

"ಹ್ವಾಯ್, ಒಂಚೂರ್ ಆಲೋಚ್ನಿ ಮಾಡಿ," ಎಂದಳು ಗುಲಾಬಿ. ಅವಳ ದನಿಯಲ್ಲಿ ಜೋರಿರಲಿಲ್ಲ. "ತಂಡದಿಂದ ತೆಗ್ದ್ ಹಾಕ್ತ್ರ್. ಜನ ಎಂತ ಹೇಳ್ತ್ರ್?"

"ಹೇಳ್ಲಿ."

ಆಗ ನವ್ಯಶ್ರೀ ಬಾಯಿ ತೆರೆದಳು. "ಎಷ್ಟು ದೂರದಲ್ಲಿದ್ರು ಅವರು? ಬೋಟಿಂದ?"

ಸದಾನಂದ ಕೋಣೆಯ ಸುತ್ತ ನೋಡಿದ. ಈ ಕೋಣೆ ಸಾಲದು. ಕಿಟಕಿಯಾಚೆ ನೋಡಿದ. ಕಿರಿದಾದ ರಸ್ತೆ, ಆಚೆ ಬದಿಯಲ್ಲಿ ಬಸ್ ಸ್ಟಾಪು.

"ಆ ಸ್ಟಾಪಿನಷ್ಟು ದೂರ," ಎಂದ.

ಅವಳು ಎದ್ದಳು. ಅಮ್ಮ ಕರೆದರೂ ತಿರುಗಿ ನೋಡದೆ ಬಾಗಿಲು ತೆರೆದು ಹೊರಗೆ ಹೋದಳು. ಕಾರೊಂದು ಹಾದುಹೋಗುವವರೆಗೆ ಕಾದು ರಸ್ತೆ ದಾಟಿದಳು. ಬಸ್ ಸ್ಟಾಪಿನ ಕಂಬದ ಪಕ್ಕದಲ್ಲಿ ನಿಂತು ಮನೆಯತ್ತ ತಿರುಗಿದಳು.

ಸದಾನಂದ ಕಿಟಕಿಯ ಬಳಿ ಹೋಗಿ ಲಿಂಡಾಗೆ ಫೋನು ಮಾಡಿದ. ಅವಳು ಎಂದಿನಂತೆ ನಗುತ್ತಲೇ ಎತ್ತಿಕೊಂಡಳು. "ಹಲೋ ಸದಾ, ಏನು ಸಮಾಚಾರ?" ಎಂದು ಇಂಗ್ಲಿಷಿನಲ್ಲಿ ಕೇಳಿದಳು.

ಹೇಳಲೆಂದು ಅವನು ಬಾಯಿ ತೆರೆದ. ರಸ್ತೆಯಾಚೆ ನವ್ಯಶ್ರೀಯ ತುಟಿ ಅಲುಗಿತು. ಏನೋ ಹೇಳಿದಳು. ಗಾಜಿನ ಈಚೆಗೆ ಏನೂ ಕೇಳಿಸಲಿಲ್ಲ. ಅವಳ ಮುಖ ಮಾತ್ರ ಸ್ಪಷ್ಟವಾಗಿ ಕಾಣುತ್ತಿತ್ತು.