ಮಂಡಿ ಊರುವ ವಿದ್ಯೆ

ಯುದ್ಧ ಗೆದ್ದವರಿಗೆ ಸ್ವಲ್ಪ ತಲೆ ತಿರುಗುವುದು ಇದ್ದದ್ದೇ. ಆದರೆ ಮೆಗಾನೋರನ ತಲೆ ಯುದ್ಧಕ್ಕೆ ಮುಂಚೆಯೇ ತಿರುಗಿತ್ತು. ಕೋಟೆ ಬಾಗಿಲು ಮುರಿದವನು ತಾನು, ಶತ್ರುಗಳನ್ನು ಓಡಿಸಿದವನು ತಾನು. ಜ್ವರ ಬಂದು ಸತ್ತ ಶತ್ರುಗಳೂ ಅವನ ಲೆಕ್ಕದಲ್ಲಿ ಅವನ ಹೆಸರು ಕೇಳಿಯೇ ಸತ್ತವರು. ಅವನ ಹಡಗಿನ ಚುಕ್ಕಾಣಿ ಹಿಡಿಯುವ ಕೆರ್ದೋನ್ ಇದನ್ನೆಲ್ಲ ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡುತ್ತಿದ್ದ. ಬಡಾಯಿಯ ಭಾರಕ್ಕೆ ಹಡಗು ಮುಳುಗುವುದಿಲ್ಲವಲ್ಲ ಎಂಬುದು ಅವನ ಧೈರ್ಯ.

ಊರಿಗೆ ಹೊರಟ ಬೆಳಿಗ್ಗೆ ಆ ಧೈರ್ಯವೂ ಹೋಯಿತು. ಹಗ್ಗ ಬಿಚ್ಚುವ ಮುನ್ನ ಮೊದಲ ಬಟ್ಟಲು ದ್ರಾಕ್ಷಾರಸವನ್ನು ಕಡಲಿಗೆ ಸುರಿಯಬೇಕು. ಅದು ಕಡಲೊಡೆಯ ಪೊಸೈಡನ್‌ನ ಪಾಲು. ಮೆಗಾನೋರ್ ಬಟ್ಟಲೆತ್ತಿದ, ನೀರನ್ನೊಮ್ಮೆ ನೋಡಿದ, ಗಟಗಟನೆ ತಾನೇ ಕುಡಿದುಬಿಟ್ಟ.

"ಯುದ್ಧದಲ್ಲಿ ಬೆವರು ಸುರಿಸಿದ್ದು ನಾನು. ಕಡಲು ಏನ್ ಮಾಡ್ತು? ಸುಮ್ನೆ ಅಲ್ಲಾಡ್ತಾ ಬಿದ್ದಿತ್ತು," ಎಂದು ಗಡ್ಡ ಒರೆಸಿಕೊಂಡ.

ಮಧ್ಯಾಹ್ನದೊಳಗೆ ಗಾಳಿ ನಿಂತುಹೋಯಿತು. ಹುಟ್ಟು ಹಾಕಿ ಹಾಕಿ, ಕೈ ಬೊಬ್ಬೆ ಬಂದು, ಹೇಗೋ ಒಂದು ಬೋಳು ದ್ವೀಪ ಸೇರಿದರು. ಅಲ್ಲಿಂದ ಊರಿನತನಕ ಗಾಳಿಯಿಲ್ಲದೆ ಹೋಗುವುದು ಆಗದ ಮಾತು. ಹುಣ್ಣಿಮೆಗೆ ಕೆರ್ದೋನನ ಒಬ್ಬಳೇ ಮಗಳು ಫಿಲಿನ್ನಾಳ ಮದುವೆ, ಅವಳನ್ನು ವರನ ಕೈಗೊಪ್ಪಿಸಬೇಕಾದವನು ಅಪ್ಪ. ಆಕಾಶದಲ್ಲಿ ಚಂದ್ರ ನೋಡನೋಡುತ್ತ ತುಂಬುತ್ತಿದ್ದ.

ದ್ವೀಪದಲ್ಲಿ ಪೊಸೈಡನ್‌ನ ಗುಡಿಯೊಂದಿತ್ತು. ಅದರ ಪೂಜಾರಿಣಿ ಮಿರ್ತಾಲಿ, ಹಿಡಿಯಷ್ಟು ಗಾತ್ರದ ಮುದುಕಿ, ಮೀನು ಹೆಚ್ಚುತ್ತ ಕೂತಿದ್ದಳು. ಕೆರ್ದೋನ್ ಹೇಳಿದ್ದನ್ನೆಲ್ಲ ಕೇಳಿ ಚಾಕು ಕೆಳಗಿಟ್ಟಳು.

"ದೇವ್ರ ಪಾಲು ಕುಡಿದೋನೇ ಬಂದು ನನ್ನ ಮಂಡಿ ತಬ್ಕೊಂಡು, ಗದ್ದ ಮುಟ್ಟಿ ತಪ್ಪಾಯ್ತು ಅನ್ಬೇಕಪ್ಪ. ಹಂಗೆ ಬೇಡಿದೋರನ್ನ ದೇವ್ರೂ ಹೋಗಾಚೆ ಅನ್ನಂಗಿಲ್ಲ."

"ಅವನ ಬದ್ಲು ನಾನು ಬಿದ್ರೆ ಆಗಲ್ವಾ ಅಜ್ಜಿ?"

"ಕುಡಿದಿದ್ದು ನೀನಾ?"

ಸುದ್ದಿ ಕೇಳಿ ಮೆಗಾನೋರ್ ಕೆಂಡವಾದ. "ಆ ಮೀನ್ ವಾಸ್ನೆ ಮುದುಕಿ ಮುಂದೆ ನಾನಾ? ನಮ್ಮ ವಂಶದಲ್ಲೇ ಮಂಡಿ ಬಗ್ಗಲ್ಲ ಕಣೋ!"

"ಹಂಗಾದ್ರೆ ಒಡೆಯಾ, ಊಟಕ್ಕೆ ಕೂರೋದು?"

"ಅದು ಬೇರೆ!"

ಕೆರ್ದೋನ್ ನಿಟ್ಟುಸಿರು ಬಿಟ್ಟ. "ಬಿಡಿ, ನಿಮ್ಮ ತಪ್ಪೇನಿಲ್ಲ. ಕೋಟೆ ಒಡೆದ ವೀರರಿದ್ದಾರೆ, ಸಿಂಹ ಕೊಂದೋರಿದ್ದಾರೆ. ಮಂಡಿ ಊರೋದು ಮಾತ್ರ ಇವತ್ತಿನವರೆಗೂ ಒಬ್ಬ ವೀರನ ಕೈಲೂ ಆಗಿಲ್ವಂತೆ. ಭಾಳ ಕಷ್ಟವಂತೆ."

"ಒಬ್ಬನ ಕೈಲೂ?"

"ಒಬ್ಬನ ಕೈಲೂ ಇಲ್ಲ ಒಡೆಯಾ."

ಮೆಗಾನೋರ್ ಕಂಚಿನ ಕವಚ ತೊಟ್ಟು ಹೊರಟೇಬಿಟ್ಟ. ಮುದುಕಿಯ ಮುಂದೆ ದಡಾರನೆ ಕುಸಿದು ಅವಳ ಕಾಲನ್ನು ಅಮುಕಿ ಹಿಡಿದ.

"ಮೆಲ್ಲಗೆ ಲೋ! ಕೋಟೆ ಬಾಗ್ಲಲ್ಲ ಅದು, ನನ್ನ ಕಾಲು!"

ಮಂಡಿಯೇನೋ ಬಗ್ಗಿತು, ನಾಲಿಗೆ ಬಗ್ಗಲಿಲ್ಲ. "ಅಕಸ್ಮಾತ್ ಏನಾದ್ರೂ ತಪ್ಪು ಅಂತ ಆಗಿದ್ರೆ..." ಎಂದು ರಾಗ ಎಳೆದ.

"ಆಗಿದ್ರೆ ಅಲ್ಲ ಮಗಾ. ಆಯ್ತು ಅನ್ನು."

ಮೆಗಾನೋರನ ಮುಖದ ಬೆವರು ಅವಳ ಸೆರಗಿನ ಮೇಲೆ ತೊಟ್ಟಿಕ್ಕಿತು. ಆಮೇಲೆ ಆ ದೊಡ್ಡ ತಲೆ ನಿಧಾನವಾಗಿ ಅವಳ ಮಂಡಿಗೆ ಒರಗಿತು. ಕೈ ಅವಳ ಗದ್ದ ಮುಟ್ಟಿತು. "ತಪ್ಪಾಯ್ತವ್ವಾ," ಎಂದ. ಅಷ್ಟು ಸಣ್ಣ ದನಿ ಅವನೊಳಗಿತ್ತೆಂದು ಯಾರಿಗೂ ಗೊತ್ತಿರಲಿಲ್ಲ. ನಗಬೇಕೆಂದು ಹಿಂದೆಯೇ ಬಂದಿದ್ದ ಹಡಗಿನವರು ಯಾರೂ ನಗಲಿಲ್ಲ.

ಗಾಳಿ ಎದ್ದಿತು. ಪಟ ಉಬ್ಬಿ ಹಡಗು ಹೊರಟಿತು. ಮೆಗಾನೋರ್ ಮುಂದಿನ ತುದಿಯಲ್ಲಿ ಬಾಯಿ ಮುಚ್ಚಿಕೊಂಡು ಕೂತಿದ್ದ.

"ದೇವ್ರು ದೊಡ್ಡೋನು ಕಣಣ್ಣ," ಎಂದ ಹುಟ್ಟು ಹಾಕುವ ಸೋತಾಸ್.

ಕೆರ್ದೋನನಿಗೆ ತಡೆಯಲಾಗಲಿಲ್ಲ. "ಯಾವ ದೇವ್ರೋ? ಆ ಗೂಳಿನ ಮಂಡಿ ಊರ್ಸಿದ್ದು ಯಾರು? ಇದು ಪೊಸೈಡನ್ ಗಾಳಿ ಅಲ್ಲ ಕಣೋ, ಈ ಕೆರ್ದೋನನ ಬುದ್ಧಿ ಗಾಳಿ!"

ಪಟ ಜೋತುಬಿತ್ತು.

ಎಲ್ಲರೂ ತಿರುಗಿ ಅವನನ್ನೇ ನೋಡಿದರು. ಮಗಳ ಮದುವೆಯನ್ನು ತನ್ನ ಬಾಯಿಂದ ತಾನೇ ಕಳೆದೆನಲ್ಲ ಎಂದು ಕೆರ್ದೋನನ ಜೀವ ಹಾರಿದಂತಾಯಿತು. ಮೆಗಾನೋರ್ ಎದ್ದು ಅವನತ್ತ ಬಂದ. ಹೊಡೆತ ಬೀಳುತ್ತದೆಂದು ಕೆರ್ದೋನ್ ಕಣ್ಣು ಮುಚ್ಚಿಕೊಂಡ.

ಹೊಡೆತ ಬೀಳಲಿಲ್ಲ. ಕಣ್ಣು ಬಿಟ್ಟರೆ ಮೆಗಾನೋರ್ ಕವಚ ಬಿಚ್ಚಿಟ್ಟು ಸೋತಾಸನ ಪಕ್ಕ ಕೂತು ಹುಟ್ಟಿಗೆ ಕೈ ಹಾಕುತ್ತಿದ್ದ. ಹುಟ್ಟು ಮುಟ್ಟಿದ್ದು ಅವನ ಜನ್ಮದಲ್ಲಿ ಅದೇ ಮೊದಲು.

"ತಿರುಗ್ಸು ಹಡಗನ್ನ. ದ್ವೀಪ ಇನ್ನೂ ಕಾಣ್ತಾ ಇದೆ, ಹುಣ್ಣಿಮೆಗೂ ಇನ್ನೂ ಹೊತ್ತಿದೆ," ಎಂದ. "ನೋವಾಗೋದು ಮಂಡಿಗಲ್ಲ ಕೆರ್ದೋನ, ಗಂಟಲಿಗೆ. ಹೆದರ್ಕೋಬೇಡ, ಪಕ್ಕದಲ್ಲೇ ಕೂತು ಹೇಳ್ಕೊಡ್ತೀನಿ. ಈ ವಿದ್ಯೆಲಿ ಸದ್ಯಕ್ಕೆ ನನ್ನ ಬಿಟ್ರೆ ಇನ್ನೊಬ್ಬ ವೀರ ಇಲ್ಲ."

ಕೆರ್ದೋನ್ ಚುಕ್ಕಾಣಿ ತಿರುಗಿಸಿದ. ಕಣ್ಣಲ್ಲಿ ನೀರು ತುಂಬಿ ಅವನಿಗೆ ದ್ವೀಪವೇ ಕಾಣುತ್ತಿರಲಿಲ್ಲ.